ನಾಲೆಯ ಸೀಮೆಯಲ್ಲಿ ಮನೆಮನೆಯ ಆರೋಗ್ಯ: ಮಂಡ್ಯ, ಮದ್ದೂರು, ಮಳವಳ್ಳಿಯ ಒಂದು ಚರಿತ್ರೆ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳನ್ನು ಒಂದೇ ಸೀಮೆಯೆಂದು ನೋಡುವುದಕ್ಕೆ ಆಡಳಿತದ ಗಡಿಗಿಂತ ಗಟ್ಟಿಯಾದ ಕಾರಣವಿದೆ. ಕೃಷ್ಣರಾಜಸಾಗರದಲ್ಲಿ ಹುಟ್ಟಿ, ಹುಲಿಕೆರೆಯ ಸುರಂಗವನ್ನು ಹಾಯ್ದು ಬರುವ ವಿಶ್ವೇಶ್ವರಯ್ಯ ನಾಲೆ, ಮೊದಲಿಗೆ ಇರ್ವಿನ್ ನಾಲೆಯೆಂದು ಹೆಸರಾಗಿದ್ದದ್ದು, ಈ ಮೂರು ತಾಲ್ಲೂಕುಗಳ ರಾಗಿ ಹೊಲಗಳ ದೊಡ್ಡ ಭಾಗವನ್ನು ಭತ್ತ ಮತ್ತು ಕಬ್ಬಿನ ಗದ್ದೆಗಳಾಗಿ ಮಾಡಿತು. ಈ ಮಾರ್ಪಾಟಿನಿಂದ ಬೇಸಾಯದಲ್ಲಿ, ಸಕ್ಕರೆ ಉದ್ಯಮದಲ್ಲಿ ಮತ್ತು ರೈತ ಚಳವಳಿಯಲ್ಲಿ ಆದದ್ದನ್ನು ಚರಿತ್ರಕಾರರು ಹಲವು ಬಗೆಯಲ್ಲಿ ಬರೆದಿದ್ದಾರೆ. ಆದರೆ ಅದೇ ನೀರಿನ ಜಾಡಿನಲ್ಲಿ ಊರಿಂದೂರಿಗೆ, ಮನೆಯಿಂದ ಮನೆಗೆ ನಡೆದು ಕಾಯಿಲೆಯವರನ್ನು ಆಸ್ಪತ್ರೆಗೂ ದಿಕ್ಕಿಲ್ಲದವರನ್ನು ಸರ್ಕಾರದ ಸವಲತ್ತಿಗೂ ಮುಟ್ಟಿಸಿದವರ ಚರಿತ್ರೆ ಬಿಡಿಬಿಡಿಯಾಗಿ ಉಳಿದಿದೆ. ಇಂದಿನ ಆಡಳಿತ ಭಾಷೆಯಲ್ಲಿ ಇವರಿಗೆ ಸಮುದಾಯ ಆರೋಗ್ಯ ಕಾರ್ಯಕರ್ತರು ಎಂದು ಹೆಸರು. ವೈದ್ಯರಲ್ಲದ, ಅಲ್ಪಕಾಲದ ತರಬೇತಿ ಪಡೆದ, ತಾವು ಸೇವೆ ಸಲ್ಲಿಸುವ ಜನರ ನಡುವೆಯೇ ಬದುಕುವ ಅಥವಾ ಅವರಲ್ಲಿಗೆ ತಪ್ಪದೆ ಹೋಗಿಬರುವ ವ್ಯಕ್ತಿಗಳು ಈ ಹೆಸರಿನ ವ್ಯಾಪ್ತಿಗೆ ಬರುತ್ತಾರೆ. ಇಂಥವರ ಕೆಲಸ ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂದು ಸುಮಾರು ನೂರಿಪ್ಪತ್ತು ವರ್ಷಗಳ ಉದ್ದಕ್ಕೂ ನೋಡಿದರೆ, ಔಷಧದ ಗುಣಕ್ಕಿಂತಲೂ ಕಟ್ಟಡದ ಗಾತ್ರಕ್ಕಿಂತಲೂ ಹೆಚ್ಚಾಗಿ ಒಂದು ಪ್ರಶ್ನೆ ಎದ್ದು ಕಾಣುತ್ತದೆ: ಬಾಗಿಲಿಗೆ ಬಂದವರು ಆ ಮನೆಯ ಪರವಾಗಿ ಬಂದಿದ್ದಾರೆಯೇ, ಇಲ್ಲವೆ ಕಚೇರಿಯ ಪರವಾಗಿ ಬಂದಿದ್ದಾರೆಯೇ ಎಂಬುದು.

ನಾಲೆಗೆ ಮುಂಚೆ ಈ ಸೀಮೆಯ ಹಳ್ಳಿಗಳಲ್ಲಿ ಆರೋಗ್ಯದ ವಿಚಾರದಲ್ಲಿ ಮನೆಯೊಳಕ್ಕೆ ಪ್ರವೇಶವಿದ್ದವಳು ಸೂಲಗಿತ್ತಿ. ಅವಳು ಯಾರ ನೇಮಕವೂ ಅಲ್ಲ. ಹೆರಿಗೆ ಮಾಡಿಸುವುದು, ಹೊಕ್ಕುಳಬಳ್ಳಿ ಕತ್ತರಿಸುವುದು, ಮಗುವಿಗೆ ಎಣ್ಣೆ-ನೀರು ಹಾಕುವುದು, ಬಾಣಂತಿಯ ಪಥ್ಯ ನೋಡುವುದು ಎಲ್ಲವೂ ಅವಳ ಪಾಲಿನವಾಗಿದ್ದು, ಪ್ರತಿಫಲ ಬಹುಪಾಲು ದವಸದಲ್ಲಿ, ಸೀರೆಯಲ್ಲಿ ಸಲ್ಲುತ್ತಿತ್ತು. ಜಾತಿಯ ಕಟ್ಟುಪಾಡು ಹೆರಿಗೆಯ ಕೋಣೆಯಲ್ಲಿ ಸ್ವಲ್ಪ ಸಡಿಲಗೊಂಡು ಮರುದಿನ ಮತ್ತೆ ಬಿಗಿಯುತ್ತಿದ್ದದ್ದು ಹಳೆಯ ಮೈಸೂರಿನ ಗ್ರಾಮಜೀವನದ ನೋವಿನ ಸಂಗತಿಗಳಲ್ಲಿ ಒಂದು. ಸರ್ಕಾರದ ಕಡೆಯಿಂದ ಊರಿಗೆ ಬರುತ್ತಿದ್ದವರಲ್ಲಿ ಮುಖ್ಯನಾದವನು ಸಿಡುಬಿಗೆ ಲಸಿಕೆ ಹಾಕುವವನು. ಜನರ ಮಾತಿನಲ್ಲಿ ದೇವಿ ಹಾಕುವವನು. ಸಿಡುಬನ್ನು ಅಮ್ಮನೆಂದು ಕರೆದು, ಮನೆಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಹಾಕದೆ ನೇಮದಿಂದಿರುತ್ತಿದ್ದ ಜನ ತೋಳಿಗೆ ಗೀರು ಹಾಕಿಸಿಕೊಳ್ಳಲು ಹಿಂಜರಿದರು ನಿಜ. ಆದರೆ ಹಿಂಜರಿಕೆಗೆ ನಂಬಿಕೆಯೊಂದೇ ಕಾರಣವಾಗಿರಲಿಲ್ಲ. ವರ್ಷಕ್ಕೊಮ್ಮೆ ಬಂದು, ಪಟೇಲನ ಜಗಲಿಯಲ್ಲಿ ಕುಳಿತು, ಮಕ್ಕಳನ್ನು ಹಿಡಿದು ತರಿಸಿ, ಗೀರು ಹಾಕಿ ಹೊರಟುಹೋಗುವವನು ಗಾಯ ಕೀವಾದಾಗ ಸಿಗುತ್ತಿರಲಿಲ್ಲ.

ಪ್ಲೇಗಿನ ಕಾಲದಲ್ಲಿ ಈ ಅಂತರ ವೈರವಾಯಿತು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಹರಡಿದಾಗ ರೋಗಿಗಳನ್ನು ಬೇರೆಮಾಡಿ ಇಡುವುದು, ಮನೆಗಳ ಶೋಧನೆ, ಊರು ಖಾಲಿ ಮಾಡಿಸುವುದು ಮುಂತಾದ ಕ್ರಮಗಳು ಜಾರಿಗೆ ಬಂದವು. ಅದೇ ವರ್ಷ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಜನ ಈ ಕ್ರಮಗಳ ವಿರುದ್ಧ ದಂಗೆಯೆದ್ದರು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂಬುದನ್ನು ಹಳ್ಳಿಯವರು ಬಹುಬೇಗ ತಾವಾಗಿಯೇ ಕಲಿತರು, ಮುಂದೆ ಹಲವು ದಶಕ ಹಾಗೆಯೇ ನಡೆದುಕೊಂಡರು. ಆದ್ದರಿಂದ ಅವರು ಎದುರಿಸಿದ್ದು ಊರು ಬಿಡುವ ಉಪಾಯವನ್ನಲ್ಲ. ಕಾಯಿಲೆಯ ಹೆಂಡತಿಯನ್ನೋ ತಾಯಿಯನ್ನೋ ಅಪರಿಚಿತರು ಮುಟ್ಟಿ, ಎತ್ತಿಕೊಂಡು ಹೋಗುವುದನ್ನು. ರೋಗಿಯನ್ನು ಅಡಗಿಸಿಡುವ ಅಭ್ಯಾಸ ಬೇರೂರಿದ್ದು ಆಗ. ಆ ನೆನಪು ಮುಂದಿನ ತಲೆಮಾರಿನ ಪ್ರತಿಯೊಬ್ಬ ಆರೋಗ್ಯ ಸಿಬ್ಬಂದಿಯ ದಾರಿಗೂ ಅಡ್ಡ ಬಂದಿತೆಂದು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಗಿ, 1930ರ ದಶಕದ ಮೊದಲ ವರ್ಷಗಳಲ್ಲಿ ನಾಲೆಯ ನೀರು ಮಂಡ್ಯದ ಕಡೆಗೆ ಹರಿಯಿತು. ಸುಮಾರು 1,20,000 ಎಕರೆಗೆ ನೀರುಣಿಸುವ ಯೋಜನೆ ಅದು; 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಈ ಏಳಿಗೆಯ ಬೆನ್ನಿಗೇ ಚಳಿಜ್ವರ ಬಂದಿತು. ಮಲೇರಿಯಾ ಹರಡುವ ಅನಾಫಿಲಿಸ್ ಕುಲದ ಸೊಳ್ಳೆಗಳಲ್ಲಿ ಬಯಲುಸೀಮೆಗೆ ಮುಖ್ಯವಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಜಾತಿ ಕೊಚ್ಚೆಗಿಂತ ತಿಳಿನೀರನ್ನು ಬಯಸುವಂಥದ್ದು. ನಾಲೆಯ ಏರಿಯಿಂದ ಜಿನುಗಿ ನಿಂತ ನೀರು, ಏರಿಗೆಂದು ಮಣ್ಣು ತೆಗೆದ ಗುಂಡಿ, ಹೂಳು ತುಂಬಿ ಹರಿವು ನಿಂತ ಸಣ್ಣ ಕಾಲುವೆ, ಬಸಿಗಾಲುವೆಯಿಲ್ಲದ ಹೊಸ ಗದ್ದೆ, ಇವೆಲ್ಲ ಅದರ ತೊಟ್ಟಿಲುಗಳಾದವು. ನೀರನ್ನು ತರುವುದಕ್ಕೆ ಹೂಡಿದಷ್ಟು ಬುದ್ಧಿಯನ್ನೂ ಹಣವನ್ನೂ ಹೆಚ್ಚಾದ ನೀರನ್ನು ಹೊರಹಾಕುವುದಕ್ಕೆ ಹೂಡಲಿಲ್ಲವೆಂಬುದು ಭಾರತದ ಬಹುತೇಕ ನೀರಾವರಿ ಯೋಜನೆಗಳ ಮೇಲಿರುವ ನ್ಯಾಯವಾದ ಆಕ್ಷೇಪ, ಮಂಡ್ಯವೂ ಅದಕ್ಕೆ ಹೊರತಲ್ಲ.

ಸಂಸ್ಥಾನದ ಸರ್ಕಾರ ಈ ಅಪಾಯಕ್ಕೆ ಪೂರ್ತಿ ಕುರುಡಾಗಿರಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ತನ್ನ ಸಾರ್ವಜನಿಕ ಆರೋಗ್ಯದ ಏರ್ಪಾಡನ್ನು ಹೊಸದಾಗಿ ಕಟ್ಟತೊಡಗಿತು. ಪ್ರತಿಷ್ಠಾನದ ಮಲೇರಿಯಾ ತಜ್ಞ ಡಾ. ಡಬ್ಲ್ಯು. ಸಿ. ಸ್ವೀಟ್ ಅವರ ಮಾರ್ಗದರ್ಶನದಲ್ಲಿ ಮಲೆನಾಡಿನ ಮೂಡಿಗೆರೆ, ಒಣಸೀಮೆಯ ಹಿರಿಯೂರು, ಕಾವೇರಿ ನಾಲೆಗಳ ಬಯಲಿನ ನಾಗೇನಹಳ್ಳಿ ಎಂಬ ಮೂರು ಬೇರೆಬೇರೆ ನೆಲಗಳಲ್ಲಿ ಅಧ್ಯಯನ ಕೇಂದ್ರಗಳು ಹುಟ್ಟಿದವು. ಇಲ್ಲಿನ ಸಂಶೋಧನೆ ಎಷ್ಟು ಗಂಭೀರವಾಗಿತ್ತೆಂಬುದಕ್ಕೆ ಒಂದು ಕುರುಹು ಇಂದಿಗೂ ಕೀಟಶಾಸ್ತ್ರದ ಪುಸ್ತಕಗಳಲ್ಲಿದೆ: ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಒಂದು ಬಗೆಗೆ ಸ್ವೀಟ್ ಮತ್ತು ಅವರ ಸಹಸಂಶೋಧಕ ರಾವ್ 1937ರಲ್ಲಿ ಇಟ್ಟ ಹೆಸರು ಮೈಸೊರೆನ್ಸಿಸ್.

ಆದರೆ ಈ ಲೇಖನದ ದೃಷ್ಟಿಯಿಂದ ಸೊಳ್ಳೆಯ ಅಧ್ಯಯನಕ್ಕಿಂತ ಮುಖ್ಯವಾದದ್ದು 1930ರ ಸುಮಾರಿಗೆ ಮಂಡ್ಯದಲ್ಲಿ ರೂಪುಗೊಂಡ ಆರೋಗ್ಯ ಘಟಕ. ಆರೋಗ್ಯ ಘಟಕವೆಂದರೆ ಒಂದು ನಿಶ್ಚಿತ ಪ್ರದೇಶದ ಜನಸಂಖ್ಯೆಗೆ ಒಬ್ಬ ಆರೋಗ್ಯಾಧಿಕಾರಿ, ಅವರ ಕೈಕೆಳಗೆ ನೈರ್ಮಲ್ಯದ ಇನ್‌ಸ್ಪೆಕ್ಟರುಗಳು, ಲಸಿಕೆ ಹಾಕುವವರು, ತರಬೇತಾದ ಸೂಲಗಿತ್ತಿಯರು ಒಂದೇ ತಂಡವಾಗಿ ಕೆಲಸ ಮಾಡುವ ವ್ಯವಸ್ಥೆ. ಅಮೆರಿಕದ ಗ್ರಾಮಾಂತರ ಜಿಲ್ಲೆಗಳಲ್ಲಿ ಮೊದಲು ರೂಪುಗೊಂಡ ಮಾದರಿ. ಅದುವರೆಗೆ ಕಾಯಿಲೆ ಆಸ್ಪತ್ರೆಗೆ ಬರಬೇಕಾಗಿತ್ತು. ಘಟಕದ ಕಲ್ಪನೆಯಲ್ಲಿ ಆರೋಗ್ಯದ ಸಿಬ್ಬಂದಿ ಕಾಯಿಲೆ ಇರುವಲ್ಲಿಗೆ, ಕಾಯಿಲೆ ಹುಟ್ಟುವ ಮುಂಚೆಯೇ ಹೋಗಬೇಕಾಗಿತ್ತು. ಹುಟ್ಟು-ಸಾವಿನ ಲೆಕ್ಕ ಇಡುವುದು, ಬಾವಿಗೆ ಔಷಧ ಹಾಕುವುದು, ಕೈಬೈರಿಗೆಯಿಂದ ಆಳವಾದ ಕಿರುಗುಂಡಿ ತೋಡಿ ಕಕ್ಕಸು ಮಾಡಿಸುವುದು, ಗರ್ಭಿಣಿಯರನ್ನು ಮನೆಗೆ ಹೋಗಿ ನೋಡುವುದು, ಇವೆಲ್ಲ ಈ ಬಗೆಯ ಘಟಕಗಳ ದಿನಚರಿಯಾಗಿದ್ದವು.

ಮಲೇರಿಯಾದ ಪ್ರಮಾಣವನ್ನು ಅಳೆಯಲು ಆ ಕಾಲದಲ್ಲಿ ಬಳಸುತ್ತಿದ್ದ ವಿಧಾನ ಸರಳವಾಗಿತ್ತು, ಹಾಗೆಯೇ ಮೈಗೆ ಹತ್ತಿರವಾಗಿತ್ತು. ಪದೇಪದೇ ಮಲೇರಿಯಾ ಬಂದ ಮಗುವಿನ ಗುಲ್ಮ, ಅಂದರೆ ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬಿನ ಅಡಿಯಲ್ಲಿರುವ ಅಂಗ, ದೊಡ್ಡದಾಗಿ ಬೆರಳಿಗೆ ಸಿಗುತ್ತದೆ. ಶಾಲೆಯ ಮುಂದೆ ಎರಡರಿಂದ ಹತ್ತು ವರ್ಷದೊಳಗಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಂಗಿ ಮೇಲೆತ್ತಿಸಿ, ಉಸಿರೆಳೆದುಕೊಳ್ಳಲು ಹೇಳಿ, ಪಕ್ಕೆಲುಬಿನ ಅಂಚಿನಲ್ಲಿ ಬೆರಳುಗಳನ್ನು ಒತ್ತಿ ನೋಡಿ, ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗುಲ್ಮ ಸಿಕ್ಕಿತೆಂದು ಬರೆದುಕೊಂಡರೆ ಅದೇ ಆ ಊರಿನ ಗುಲ್ಮ ಸೂಚ್ಯಂಕ. ನಾಲೆಯ ಊರು ಯಾವುದು, ಒಣಭೂಮಿಯ ಊರು ಯಾವುದೆಂದು ನಕ್ಷೆ ನೋಡದೆ ಮಕ್ಕಳ ಹೊಟ್ಟೆ ಮುಟ್ಟಿಯೇ ಹೇಳಬಹುದಾಗಿದ್ದ ಕಾಲ ಅದು. ಅಂಥ ಮಗುವಿಗೆ ಕ್ವಿನೈನ್ ಕೊಡುವುದು, ನಿಂತ ನೀರಿಗೆ ಪ್ಯಾರಿಸ್ ಗ್ರೀನ್ ಎಂಬ ವಿಷದ ಪುಡಿ ಎರಚಿ ಸೊಳ್ಳೆಮರಿ ಕೊಲ್ಲುವುದು, ಕಾಲುವೆಯ ಅಂಚಿನ ಹುಲ್ಲು ಕೊಯ್ಯಿಸುವುದು, ಇಷ್ಟು ಆಗಿನ ಕೈಯಳತೆಯ ಉಪಾಯಗಳು. ಇವುಗಳಲ್ಲಿ ಮಾತ್ರೆಯ ಜೊತೆ ಬಂದವರಿಗೆ ಬಾಗಿಲು ತೆರೆಯಿತು. ಪ್ಲೇಗಿನ ಕಾಲದಲ್ಲಿ ರೋಗಿಯನ್ನು ಕೊಂಡೊಯ್ಯಲು ಬಂದಿದ್ದ ಸರ್ಕಾರವೇ ಈಗ ಮನೆಯೊಳಗಿನ ನಡುಕ ನಿಲ್ಲಿಸಲು ಬಂದಿತ್ತು.

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಮಂದಿಗೆ ಮಲೇರಿಯಾ ಬರುತ್ತಿತ್ತೆಂದು ಅಂದಾಜು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, ಅದರ ಬೆನ್ನಿಗೆ 1958ರ ನಿರ್ಮೂಲನ ಕಾರ್ಯಕ್ರಮ ಮನೆಮನೆಯ ಒಳಗೋಡೆಗೆ ಡಿಡಿಟಿ ಸಿಂಪಡಿಸುವುದನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡವು. ಪಂಪು ಹಿಡಿದು ಬಂದವರು ಪಾತ್ರೆ-ಪಡಗ, ಹಾಸಿಗೆ, ದವಸದ ಮೂಟೆಗಳನ್ನು ಹೊರಗಿಡಿಸಿ, ಅಟ್ಟದವರೆಗೂ ಬಿಳಿಯ ದ್ರಾವಣ ಹೊಡೆಯುತ್ತಿದ್ದರು. ಗೋಡೆ ಕೆಲವು ದಿನದಲ್ಲಿ ಸಗಣಿ-ಸುಣ್ಣ ಕಂಡರೆ ಔಷಧ ಅದರಡಿಯಲ್ಲಿ ಹೂತುಹೋಗುತ್ತಿತ್ತು. ಸಿಂಪಡಣೆ ಮುಗಿದ ಮೇಲೆ ಬಂದವನು ಕಣ್ಗಾವಲಿನ ಕಾರ್ಯಕರ್ತ, ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಜ್ವರ ಬಂದವರುಂಟೆ ಎಂದು ವಿಚಾರಿಸಿ, ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತದ ಲೇಪನ ತೆಗೆದು, ಕ್ಲೋರೋಕ್ವಿನ್ ಮಾತ್ರೆ ನುಂಗಿಸಿ, ತಾನು ಬಂದ ತಾರೀಖನ್ನು ಗೋಡೆಯ ಮೇಲೆ ಬರೆದು ಹೋಗಬೇಕಾದ ನೌಕರ. ಮೇಲಧಿಕಾರಿ ಗೋಡೆ ನೋಡಿ ಕೆಲಸ ಪರೀಕ್ಷಿಸುತ್ತಿದ್ದನಾದ್ದರಿಂದ ತಾರೀಖು ಗೋಡೆಯ ಮೇಲೆ ಬಿದ್ದಷ್ಟು ಸಲ ವಿಚಾರಣೆ ನಡೆಯಿತೆಂದು ಹೇಳಲಾಗದು. ಆದರೂ ಈ ನಡೆದಾಟದ ಫಲ ಅಲ್ಲಗಳೆಯುವಂಥದ್ದಲ್ಲ: 1965ರ ವೇಳೆಗೆ ದೇಶದ ಮಲೇರಿಯಾ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಗೆದ್ದೆವೆಂದು ಕೈಬಿಟ್ಟ ಕಡೆ ರೋಗ ಮರಳಿತು. 1976ರಲ್ಲಿ ಸುಮಾರು 64.7 ಲಕ್ಷ ಪ್ರಕರಣಗಳು ದಾಖಲಾದವು. ಸೊಳ್ಳೆಗೆ ಡಿಡಿಟಿ ನಾಟದಾದದ್ದು ಒಂದು ಕಾರಣ, ಊರೂರು ಸುತ್ತುವವರನ್ನು ಬೇರೆ ಕೆಲಸಗಳಿಗೆ ಹಚ್ಚಿದ್ದು ಇನ್ನೊಂದು.

ಗದ್ದೆಯ ನೀರು ಈ ಸೀಮೆಗೆ ಇನ್ನೊಂದು ಜ್ವರವನ್ನೂ ತಂದಿತು. ಭತ್ತದ ಗದ್ದೆಯಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆಗಳ ಮೂಲಕ ಹಂದಿ ಮತ್ತು ನೀರುಹಕ್ಕಿಗಳಿಂದ ಮನುಷ್ಯನಿಗೆ, ಅದರಲ್ಲೂ ಮಕ್ಕಳಿಗೆ, ತಗಲುವ ಜಪಾನೀ ಮಿದುಳುಜ್ವರ ಕೋಲಾರದಂತೆ ಮಂಡ್ಯ ಜಿಲ್ಲೆಯಲ್ಲೂ ನೆಲೆಯೂರಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ತಜ್ಞರು ಮಂಡ್ಯದ ಗದ್ದೆಗಳ ಸೊಳ್ಳೆಗಳನ್ನು ಹಲವು ವರ್ಷ ಅಧ್ಯಯನ ಮಾಡಿದ್ದಾರೆ. ಇದಕ್ಕೆ ಮಾತ್ರೆಯ ಮದ್ದಿಲ್ಲ. ಜ್ವರದ ಜೊತೆ ಫಿಟ್ಸ್ ಬಂದ ಮಗುವನ್ನು ತಡಮಾಡದೆ ದೊಡ್ಡಾಸ್ಪತ್ರೆಗೆ ಸಾಗಿಸುವುದು ಮತ್ತು 2006ರಿಂದ ದೇಶದ ಪೀಡಿತ ಜಿಲ್ಲೆಗಳಲ್ಲಿ ಆರಂಭವಾದ ಲಸಿಕೆಯನ್ನು ತಪ್ಪದೆ ಹಾಕಿಸುವುದು, ಇವೆರಡೇ ದಾರಿ. ಎರಡಕ್ಕೂ ಬೇಕಾದದ್ದು ತಾಯಿಗೆ ಗುರುತಿರುವ, ತಾಯಿಯ ಮಾತಿಗೆ ಕಿವಿಗೊಡುವ ಒಬ್ಬಳು.

ಅಂಥವಳಾಗಬೇಕಿದ್ದವಳು ಉಪಕೇಂದ್ರದ ಸಹಾಯಕ ಶುಶ್ರೂಷಕಿ ಮತ್ತು ಪ್ರಸವ ಸಹಾಯಕಿ, ಜನರ ಬಾಯಲ್ಲಿ ನರ್ಸಮ್ಮ. ಸುಮಾರು 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಲೆಕ್ಕದಲ್ಲಿ ಅವಳ ಪಾಲಿಗೆ ಹಲವು ಹಳ್ಳಿಗಳು ಬರುತ್ತಿದ್ದವು. ಹೊರಗಿನಿಂದ ಬಂದು ಒಂಟಿಯಾಗಿ ಊರಲ್ಲಿ ಮನೆ ಮಾಡಿದ ಯುವತಿಯರ ಮೇಲೆ ನಿಂತ ಈ ಏರ್ಪಾಡಿನ ಮೇಲೆ ಕುಟುಂಬ ಯೋಜನೆಯ ಭಾರ ಬಿದ್ದದ್ದು ದೊಡ್ಡ ಕೇಡಾಯಿತು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಗರ್ಭನಿರೋಧ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿ ಜಗತ್ತಿನಲ್ಲೇ ಮೊದಲನೆಯದಾಗಿತ್ತು. ಮದ್ದೂರಿನ ನೆರೆಯ ರಾಮನಗರದ ಆರೋಗ್ಯ ಕೇಂದ್ರದಲ್ಲಿ 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಮಣಿಸರದಲ್ಲಿ ದಿನ ಎಣಿಸಿ ಗರ್ಭ ತಡೆಯುವ ವಿಧಾನದ ಪ್ರಯೋಗವೂ ನಡೆದಿತ್ತು. ಈ ಎರಡರಲ್ಲೂ ಹೆಂಗಸಿನ ಒಪ್ಪಿಗೆಗೆ ಸ್ಥಾನವಿತ್ತು. ಮುಂದಿನ ದಶಕಗಳಲ್ಲಿ ಬಂದದ್ದು ಗುರಿ, ಅಂದರೆ ಇಷ್ಟು ತಿಂಗಳಲ್ಲಿ ಇಷ್ಟು ಆಪರೇಷನ್ ಎಂಬ ಮೇಲಿನ ಆಜ್ಞೆ. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗಂಡಸರ ಮೇಲಿನ ಆ ಬಲವಂತ ನಿಂತ ಮೇಲೂ ಹೆಂಗಸರ ಮೇಲಿನ ಗುರಿ 1996ರವರೆಗೆ ಉಳಿಯಿತು. ಮಗುವಿಗೆ ಇಂಜೆಕ್ಷನ್ ಹಾಕಲು ಬಂದ ನರ್ಸಮ್ಮನೇ ತಾಯಿಯನ್ನು ಕ್ಯಾಂಪಿಗೆ ಕರೆದೊಯ್ಯುವವಳೂ ಆದಾಗ, ಬಡವರ ಕೇರಿಯಲ್ಲಿ ಅವಳ ಸದ್ದು ಕೇಳಿ ಹಿತ್ತಿಲಿಂದ ಹೊರಟುಹೋಗುವ ಹೆಂಗಸರಿದ್ದರೆ ಅದು ಅವರ ಅಜ್ಞಾನವಲ್ಲ.

ಜನರ ಅಜ್ಞಾನವೇ ರೋಗಕ್ಕೆ ಮೂಲವೆಂಬ ನಂಬಿಕೆಯನ್ನು ಮಂಡ್ಯದ ಮಗ್ಗುಲಿನ ತುಮಕೂರು ಜಿಲ್ಲೆಯ ಒಂದು ಅಧ್ಯಯನ ಬಹಳ ಹಿಂದೆಯೇ ಅಲುಗಾಡಿಸಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಈ ಅಧ್ಯಯನ ಹಳ್ಳಿಯ ಕ್ಷಯರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಕೆಮ್ಮು-ಜ್ವರದ ಅರಿವಿತ್ತು, ಅವರಲ್ಲಿ ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗಳ ಬಾಗಿಲು ತಟ್ಟಿದ್ದರು ಎಂಬುದನ್ನು ತೋರಿಸಿತು. ಕಫ ಪರೀಕ್ಷೆಯಾಗದೆ ಕೆಮ್ಮಿನ ಔಷಧದ ಬಾಟಲಿಯೊಂದಿಗೆ ಅವರು ಹಿಂದಿರುಗಿದ್ದರು. ರೋಗಿ ಬರುತ್ತಿಲ್ಲವೆಂಬುದಲ್ಲ, ಬಂದವರನ್ನು ವ್ಯವಸ್ಥೆ ಗುರುತಿಸುತ್ತಿಲ್ಲವೆಂಬುದು ಇದರ ತಾತ್ಪರ್ಯ. ಸಮುದಾಯ ಕಾರ್ಯಕರ್ತರ ಕೆಲಸವನ್ನು ತಿಳಿವಳಿಕೆ ಹೇಳುವುದಕ್ಕಷ್ಟೇ ಸೀಮಿತಗೊಳಿಸಿದ ಯಾವುದೇ ಯೋಜನೆ ಈ ಪಾಠವನ್ನು ಮರೆತದ್ದೇ ಸರಿ. ಹಳ್ಳಿಯವನಿಗೆ ಬೇಕಾದದ್ದು ಉಪದೇಶವಲ್ಲ, ಆಸ್ಪತ್ರೆಯ ಕಿಟಕಿಯಾಚೆ ಕುಳಿತವನೊಡನೆ ಅವನ ಪರವಾಗಿ ಮಾತಾಡುವವರು.

1970ರ ದಶಕದಲ್ಲಿ ಚೀನಾದ ಬರಿಗಾಲಿನ ವೈದ್ಯರ ಮಾತು ಲೋಕದಲ್ಲೆಲ್ಲ ಹರಡಿ, 1978ರ ಆಲ್ಮಾ-ಆಟಾ ಸಮ್ಮೇಳನ ಪ್ರಾಥಮಿಕ ಆರೋಗ್ಯವನ್ನು ಎಲ್ಲರ ಹಕ್ಕೆಂದು ಸಾರಿದ ಹೊತ್ತಿನಲ್ಲಿ ಭಾರತವೂ 1977ರ ಅಕ್ಟೋಬರ್ 2ರಂದು ಊರಿನವರನ್ನೇ ಆರಿಸಿ ತರಬೇತಿ ಕೊಡುವ ಯೋಜನೆಯೊಂದನ್ನು ಆರಂಭಿಸಿತು. ಇವರೇ ಮುಂದೆ ಗ್ರಾಮ ಆರೋಗ್ಯ ಮಾರ್ಗದರ್ಶಿಗಳೆಂದು ಹೆಸರಾದವರು. ತಿಂಗಳಿಗೆ 50 ರೂಪಾಯಿ ಗೌರವಧನ, ಒಂದು ಔಷಧದ ಪೆಟ್ಟಿಗೆ. ಕೇರಳ, ತಮಿಳುನಾಡುಗಳಂತೆ ಕರ್ನಾಟಕವೂ ಈ ಯೋಜನೆಯಿಂದ ಹೊರಗುಳಿಯಿತಾದ್ದರಿಂದ ಮಂಡ್ಯದ ಹಳ್ಳಿಗಳಿಗೆ ಆ ಪೆಟ್ಟಿಗೆ ಬರಲಿಲ್ಲ. ಇಲ್ಲಿಗೆ ಬಂದವಳು ಅಂಗನವಾಡಿ ಕಾರ್ಯಕರ್ತೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ದೇಶದ 33 ಕಡೆ ಪ್ರಯೋಗವಾಗಿ ಆರಂಭವಾದಾಗ ಕರ್ನಾಟಕದ ಮೊದಲ ಪ್ರಯೋಗಕ್ಕೆ ಆಯ್ಕೆಯಾದದ್ದು ಮಳವಳ್ಳಿಗೆ ಹೊಂದಿಕೊಂಡ ಟಿ. ನರಸೀಪುರ. ಊಟ ಕೊಟ್ಟು, ಮಗುವನ್ನು ತಕ್ಕಡಿಯಲ್ಲಿ ತೂಗಿ, ತೂಕ ಬರೆದಿಡುವ ಈ ಟೀಚರಿಗೆ ಬಾಗಿಲು ಮುಚ್ಚಿದ ಮನೆಗಳು ಕಡಿಮೆ. ಬರುವಾಗ ಏನನ್ನಾದರೂ ತಂದವಳು ಅವಳು.

ಈ ಚರಿತ್ರೆಯಲ್ಲಿ ಅತಿ ಸೂಕ್ಷ್ಮವಾದ ಘಟ್ಟ ಎಚ್‌ಐವಿಯ ಕಾಲದ್ದು. ಕರ್ನಾಟಕ ದೇಶದ ಹೆಚ್ಚು ಸೋಂಕಿನ ರಾಜ್ಯಗಳಲ್ಲಿ ಒಂದಾಗಿತ್ತು. ಬೆಂಗಳೂರು-ಮೈಸೂರು ಹೆದ್ದಾರಿ ಮಂಡ್ಯ-ಮದ್ದೂರುಗಳ ನಡುವೆಯೇ ಹಾದುಹೋಗುತ್ತದೆ. ಇಲ್ಲಿ ಸೋಂಕಿಗಿಂತ ಮೊದಲು ಕೊಲ್ಲುತ್ತಿದ್ದದ್ದು ಸುದ್ದಿ. ಗಂಡ ತೀರಿಕೊಂಡ ಹೆಂಗಸಿಗೆ ಪರೀಕ್ಷೆಯ ಫಲ ಗೊತ್ತಾದ ದಿನವೇ ಅತ್ತೆಮನೆಯ ಬಾಗಿಲು ಮುಚ್ಚಬಹುದಾಗಿತ್ತು, ಜಮೀನಿನ ಪಾಲು ಕೈತಪ್ಪಬಹುದಾಗಿತ್ತು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣದ ಮೂರನೆಯ ಹಂತದಲ್ಲಿ ಹಳ್ಳಿಗಾಡಿಗೆಂದೇ ರೂಪಿಸಿದ ಸಂಪರ್ಕ ಕಾರ್ಯಕರ್ತರ ಯೋಜನೆ, ಹಳ್ಳಿಗಳ ಒಂದೊಂದು ಗುಚ್ಛಕ್ಕೆ ಸ್ಥಳೀಯ ಯುವಕ-ಯುವತಿಯರನ್ನು ನೇಮಿಸಿ, ಅಪಾಯದಂಚಿನಲ್ಲಿರುವವರನ್ನು ಹುಡುಕಿ ಮಾತಾಡಿಸುವುದು, ಪರೀಕ್ಷಾ ಕೇಂದ್ರಕ್ಕೆ ಜೊತೆಯಲ್ಲಿ ಹೋಗುವುದು, 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ಎಆರ್‌ಟಿ ಔಷಧ ತಪ್ಪದಂತೆ ನೋಡುವುದು, ವಿಧವಾ ವೇತನ ಮತ್ತು ಪಡಿತರ ಚೀಟಿಗೆ ಅರ್ಜಿ ಹಾಕಿಸುವುದು ಇವೆಲ್ಲವನ್ನೂ ಅವರಿಗೆ ವಹಿಸಿತು. ಮೈಸೂರಿನಲ್ಲಿ 2005ರಲ್ಲಿ ಸ್ಥಾಪನೆಯಾದ ಆಶೋದಯ ಸಮಿತಿಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ತಮ್ಮವರ ಆರೋಗ್ಯದ ಹೊಣೆ ಹೊತ್ತು, ಅಪಾಯದಲ್ಲಿರುವವರು ಕೇವಲ ಫಲಾನುಭವಿಗಳಲ್ಲವೆಂಬುದನ್ನು ಸಾಬೀತುಪಡಿಸಿದರು. ಸಂಪರ್ಕ ಕಾರ್ಯಕರ್ತರ ಕೆಲಸದ ಗುಣ ಅವರು ಏನು ಹೇಳಿದರೆಂಬುದರಲ್ಲಿರಲಿಲ್ಲ, ಏನನ್ನು ಹೇಳದೆ ಉಳಿದರೆಂಬುದರಲ್ಲಿತ್ತು. ಒಂದೇ ಮನೆಗೆ ಪದೇಪದೇ ಹೋದರೆ ಊರು ಗುರುತಿಸುತ್ತದಾದ್ದರಿಂದ ಬೀದಿಯ ಎಲ್ಲ ಮನೆಗೂ ಹೋಗುವ, ಕೈಯಲ್ಲಿ ಬೇರೆ ಅರ್ಜಿಯೊಂದನ್ನು ಹಿಡಿದಿರುವ, ಔಷಧದ ದಿನವನ್ನು ಸಂತೆಯ ದಿನಕ್ಕೆ ಹೊಂದಿಸುವ ಜಾಣ್ಮೆಯೇ ಈ ಕೆಲಸದ ಜೀವ. ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದ ಮಲೇರಿಯಾ ಕಾರ್ಯಕರ್ತನಿಂದ ಇಲ್ಲಿಗೆ ಬಂದ ದೂರ ಸಣ್ಣದಲ್ಲ.

2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸುಮಾರು ಸಾವಿರ ಜನರಿಗೆ ಒಬ್ಬಳಂತೆ ಆಶಾ, ಅಂದರೆ ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ, ಎಂಬ ಸ್ಥಾನವನ್ನು ಸೃಷ್ಟಿಸಿತು. ಅವಳು ಆ ಊರಿನಲ್ಲೇ ನೆಲೆಸಿದವಳಾಗಿರಬೇಕು, 25ರಿಂದ 45 ವರ್ಷದೊಳಗಿನವಳಾಗಿರಬೇಕು. ವಿವಾಹಿತೆ, ವಿಧವೆ ಅಥವಾ ಗಂಡ ಬಿಟ್ಟವಳಾದರೆ ಆದ್ಯತೆ. ಮದುವೆಯಾಗದ ಹುಡುಗಿ ಇನ್ನೊಂದು ಊರು ಸೇರುತ್ತಾಳೆ, ಸೊಸೆ ಉಳಿಯುತ್ತಾಳೆ ಎಂಬ ಸರಳ ಲೆಕ್ಕ ಈ ನಿಯಮದ ಹಿಂದಿದೆ. ಹೆರಿಗೆಯಾದ ಮನೆಗೆ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಲವತ್ತೆರಡನೆಯ ದಿನ ಹೋಗಿ, ಮಗುವಿನ ತೂಕ ನೋಡಿ, ಮೈ ಬಿಸಿ ನೋಡಿ, ಮೊಲೆಹಾಲು ಕುಡಿಯುವ ರೀತಿ ನೋಡಿ, ತಾಯಿಯ ರಕ್ತಸ್ರಾವ ವಿಚಾರಿಸಿ ಬರೆದುಕೊಂಡರೆ ಒಟ್ಟು 250 ರೂಪಾಯಿ ಪ್ರೋತ್ಸಾಹಧನ. ಗರ್ಭಿಣಿಗೆ ತಾಯಿ ಕಾರ್ಡ್ ಮಾಡಿಸುವುದು, ನೋವು ಬಂದಾಗ 108ಕ್ಕೆ ಫೋನು ಮಾಡಿ ಜೊತೆಯಲ್ಲಿ ಹೊರಡುವುದು, ಕ್ಷಯರೋಗಿಯ ಬ್ಯಾಂಕ್ ಖಾತೆಗೆ ಪೌಷ್ಟಿಕ ಆಹಾರದ ಹಣ ಬಂದಿದೆಯೇ ಎಂದು ವಿಚಾರಿಸುವುದು, ಬಿಪಿ-ಶುಗರ್ ಇರುವವರ ಪಟ್ಟಿ ಇಡುವುದು, ಡೆಂಗಿಯ ಕಾಲದಲ್ಲಿ ನೀರಿನ ತೊಟ್ಟಿಗಳ ಲಾರ್ವಾ ಸರ್ವೆ ಮಾಡುವುದು, ಇವು ಅವಳ ಕೆಲಸದ ಒಂದು ಭಾಗ ಮಾತ್ರ. ಭಾಗ್ಯಲಕ್ಷ್ಮಿ, ಸಂಧ್ಯಾ ಸುರಕ್ಷಾ, ವಿಧವಾ ವೇತನಗಳಿಗೆ ಯಾವ ಕಾಗದ ಬೇಕು, ನಾಡಕಚೇರಿಯಲ್ಲಿ ಯಾವ ದಿನ ಹೋದರೆ ಕೆಲಸವಾದೀತು ಎಂಬ ತಿಳಿವು ಯಾವ ತರಬೇತಿಯಲ್ಲೂ ಇಲ್ಲದೆ ಅವಳಲ್ಲಿ ಕೂಡಿಕೊಂಡಿತು. 2015ರಲ್ಲಿ ಸಾಲ ಮತ್ತು ಕಬ್ಬಿನ ಬಾಕಿಯಿಂದ ಬೆಂದ ಮಂಡ್ಯ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ಒಂದರ ಹಿಂದೊಂದು ನಡೆದ ಮೇಲೆ, ಪರಿಹಾರ ಮತ್ತು ವೇತನದ ಕಾಗದಗಳ ಮುಂದೆ ಕಂಗೆಟ್ಟು ನಿಂತ ವಿಧವೆಯರಿಗೆ ಇಂಥ ತಿಳಿವಿನ ಬೆಲೆ ಎಷ್ಟೆಂಬುದು ಬೇರೆ ಹೇಳಬೇಕಾಗಿಲ್ಲ.

ಆದರೆ ಊರಿನವಳಾಗಿರುವುದೆಂದರೆ ಊರಿನ ಜಾತಿಯೊಳಗೂ ಇರುವುದೇ. ಗ್ರಾಮಸಭೆಯಲ್ಲಿ ಆಯ್ಕೆಯೆಂದು ನಿಯಮವಿದ್ದರೂ ಊರಿನ ಬಲಾಢ್ಯರ ಮಾತು ನಡೆದ ಕಡೆ ಆಶಾ ಮೇಲಿನ ಕೇರಿಯಿಂದ ಬಂದಳು, ಕಾಲೋನಿಯ ಹಟ್ಟಿಯೊಳಕ್ಕೆ ಕಾಲಿಡಲು ಅವಳಿಗೂ, ಅವಳನ್ನು ಒಳಗೆ ಕರೆಯಲು ಅಲ್ಲಿಯವರಿಗೂ ಸಂಕೋಚ. ಕಾಲೋನಿಯ ಹೆಣ್ಣುಮಗಳೇ ಆಶಾ ಆದ ಕಡೆ ಅವಳು ಕೊಟ್ಟ ಮಾತ್ರೆಗೆ ಕೈಯೊಡ್ಡಿದವರೇ ಅವಳನ್ನು ಜಗಲಿಯಿಂದಾಚೆಗೆ ನಿಲ್ಲಿಸುವುದುಂಟು. ನಾಲೆಯ ನೀರು ಕೊನೆಯ ಭಾಗದ ಗದ್ದೆಗೆ ತಲುಪದಂತೆ ಸೇವೆಯೂ ತುದಿಯ ಕೇರಿಗೆ ತಡವಾಗಿ ತಲುಪುತ್ತದೆ. ಸೂಲಗಿತ್ತಿಯ ಕಾಲದ ಗಾಯ ಇನ್ನೂ ಮಾಯ್ದಿಲ್ಲ.

2020ರ ಕೋವಿಡ್ ಕಾಲದಲ್ಲಿ ಮಳವಳ್ಳಿಯಲ್ಲಿ ಮೊದಲ ಪ್ರಕರಣಗಳು ಕಂಡು, ಬಳಿಕ ಮುಂಬೈಯಿಂದ ಮರಳಿದವರಿಂದ ಮಂಡ್ಯ ಜಿಲ್ಲೆಯಲ್ಲಿ ಸೋಂಕು ಏರಿದಾಗ, ಬಾಗಿಲಿಗೆ ಕ್ವಾರಂಟೈನ್ ಚೀಟಿ ಬೀಳುವ ಮನೆಗಳ ಮುಂದೆ ದಿನವೂ ನಿಂತು ವಿಚಾರಿಸಬೇಕಾದ ಹೊಣೆ ಆಶಾಗಳ ಮೇಲೆ ಬಂದಿತು. ಅಕ್ಕಪಕ್ಕದವರ ಸಿಟ್ಟನ್ನೂ ಅವರು ಕೇಳಬೇಕಾಯಿತು, ಆಕ್ಸಿಜನ್ ಮಟ್ಟ ನೋಡಿ ಆಸ್ಪತ್ರೆಗೆ ಕಳಿಸುವ ತುರ್ತನ್ನೂ ಹೊರಬೇಕಾಯಿತು. 2020ರ ಜುಲೈನಲ್ಲಿ ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನಕ್ಕಾಗಿ ಕೆಲಸ ನಿಲ್ಲಿಸಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಹಗಲಿರುಳು ಕುಳಿತರು. ಮಾಡಿದ ಕೆಲಸವನ್ನು ಆರ್‌ಸಿಎಚ್ ಪೋರ್ಟಲ್ ಎಂಬ ಗಣಕ ದಾಖಲೆಯಲ್ಲಿ ಬೇರೆಯವರು ನಮೂದಿಸದಿದ್ದರೆ ಪ್ರೋತ್ಸಾಹಧನ ಬರುವುದಿಲ್ಲವೆಂಬುದು ಅವರ ಬಹುಕಾಲದ ದೂರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ಸರ್ಕಾರ ಭರವಸೆ ಕೊಟ್ಟ ಮೇಲೆ ಧರಣಿ ನಿಂತಿತು. ದಾಖಲೆಯಲ್ಲಿ ಅವರು ಈಗಲೂ ಸ್ವಯಂಸೇವಕಿಯರು, ನೌಕರರಲ್ಲ. ಉಪಕೇಂದ್ರದ ನರ್ಸಮ್ಮನಿಗೆ ಈಚೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೊಸ ಪದನಾಮ ದೊರೆತಿದೆ.

ಈ ಸೀಮೆಯ ಆಶಾಗಳ ಎದುರು ಈಗ ನಿಂತಿರುವ ಅತ್ಯಂತ ಕಷ್ಟದ ಕೆಲಸ ಹೆಣ್ಣುಭ್ರೂಣದ ವಿಚಾರದ್ದು. 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಜಾಗದ ಮರೆಯಲ್ಲಿ, ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದಾಗ ನಾಡೇ ಬೆಚ್ಚಿತು. ಆಗಿನಿಂದ ಗರ್ಭಿಣಿಯರ ದಾಖಲೆಯ ಮೇಲೆ ಕಣ್ಣು ಹೆಚ್ಚಾಗಿದೆ: ಮೂರನೆಯ ತಿಂಗಳಲ್ಲಿ ಹೆಸರು ಬರೆಸಿದವಳು ಐದನೆಯ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲವೆಂದರೆ, ಅದರಲ್ಲೂ ಅವಳಿಗೆ ಆಗಲೇ ಇಬ್ಬರು ಹೆಣ್ಣುಮಕ್ಕಳಿದ್ದರೆ, ಅದನ್ನು ಮೊದಲು ಅರಿಯುವವಳು ಆಶಾ. ಲಿಂಗಪತ್ತೆ ನಿಷೇಧದ 1994ರ ಕಾನೂನಿನಡಿ ಕ್ರಮ ಕೈಗೊಳ್ಳುವ ಅಧಿಕಾರ ಇರುವುದು ಸಕ್ಷಮ ಪ್ರಾಧಿಕಾರಕ್ಕೆ, ಆಶಾಗಲ್ಲ. ಆ ಕಾನೂನು ಒತ್ತಡಕ್ಕೆ ಒಳಗಾದ ಗರ್ಭಿಣಿಯನ್ನು ಅಪರಾಧಿಯೆಂದು ಎಣಿಸುವುದೂ ಇಲ್ಲ. ಆದರೆ ಆ ಗರ್ಭಿಣಿಯ ಅತ್ತೆ ಮತ್ತು ಗಂಡ ಆಶಾಳ ನೆರೆಯವರು, ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರು. ಅವಳು ದೂರು ಕೊಟ್ಟಳೆಂದು ಗೊತ್ತಾದರೆ ಮುಂದಿನ ಬಸಿರಿನ ಸುದ್ದಿ ಆ ಬೀದಿಯಿಂದ ಅವಳಿಗೆ ಬರುವುದಿಲ್ಲ, ರಕ್ತಹೀನತೆಯ ಮಾತ್ರೆಯೂ ಆ ಮನೆಗೆ ತಲುಪುವುದಿಲ್ಲ. ಕೊಡದಿದ್ದರೆ ಇನ್ನೊಂದು ಹೆಣ್ಣು ಹುಟ್ಟದೆಯೇ ಹೋಗುತ್ತದೆ. ಮೂರನೆಯ ತಿಂಗಳಿಂದ ಐದನೆಯ ತಿಂಗಳವರೆಗಿನ ಆ ಎಂಟು ವಾರಗಳಲ್ಲಿ ಬಸುರಿಯೊಡನೆ ಒಬ್ಬಳೇ ಕುಳಿತು ಮಾತಾಡಲು, ಮನೆಯಲ್ಲಿ ಒತ್ತಡವಿದ್ದರೆ ಅವಳನ್ನು ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕಿಯ ಬಳಿಗೆ ಕರೆದೊಯ್ಯಲು, ಭಾಗ್ಯಲಕ್ಷ್ಮಿಯಂಥ ಸವಲತ್ತಿನ ಕಾಗದವನ್ನು ಮುಂಚೆಯೇ ಸಿದ್ಧಮಾಡಿಕೊಡಲು ಅವಳಿಗೆ ಸಮಯವೂ ಸಂಬಳವೂ ರಕ್ಷಣೆಯೂ ಇದ್ದರೆ, ದೂರಿನ ಹಂತಕ್ಕೆ ಬರುವ ಮನೆಗಳು ಕಡಿಮೆಯಾದಾವು. ಸದ್ಯಕ್ಕೆ ಅವಳ ಕೈಗೆ ಬಂದಿರುವುದು ಹೊಸದೊಂದು ನಮೂನೆಯ ರಿಜಿಸ್ಟರು, ಅದರಲ್ಲಿ ಹಿಂದಿನ ಮಕ್ಕಳು ಗಂಡೋ ಹೆಣ್ಣೋ ಎಂದು ತುಂಬಿಸಬೇಕಾದ ಒಂದು ಅಂಕಣ.